ಹೆಚ್ಚು ರೈಲು ಕೇಳಬೇಕೋ, ನಂಬಿಕೆಯ ರೈಲು ಕೇಳಬೇಕೋ? ನಮ್ಮ ಬಳಕೆದಾರರ ಸಂಘಕ್ಕೆ ಸಲಹೆ ಬೇಕಾಗಿದೆ

ಸಂಜೆಗಾಡಿ:
ಎಲ್ಲರಿಗೂ ನಮಸ್ಕಾರ. ದಿನನಿತ್ಯ ಒಂದೇ ಮಾರ್ಗದಲ್ಲಿ ಓಡಾಡುವ ನಾವು ಒಂದಷ್ಟು ಜನ ಸೇರಿ ಎರಡು ವರ್ಷಗಳ ಹಿಂದೆ ರೈಲು ಬಳಕೆದಾರರ ಸಂಘವೊಂದನ್ನು ಕಟ್ಟಿಕೊಂಡಿದ್ದೇವೆ. ನಮ್ಮದು ಒಂಟಿ ಹಳಿಯ ಮಾರ್ಗ. ಬೆಳಿಗ್ಗೆ ಎರಡು ಪ್ಯಾಸೆಂಜರ್ ಗಾಡಿಗಳಿವೆ. ಆಮೇಲೆ ಐದು ತಾಸು ನಮ್ಮ ಪಾಲಿಗೆ ಏನೂ ಇಲ್ಲ. ಸಂಜೆ ಮತ್ತೆ ಎರಡು ಗಾಡಿಗಳು, ಅವುಗಳಲ್ಲಿ ಕೊನೆಯದು ಏಳೂಕಾಲಿಗೆ ಹೊರಟುಬಿಡುತ್ತದೆ. ಗಾಡಿಗಳ ಸಂಖ್ಯೆ ಹೆಚ್ಚಿಸಬೇಕೆಂದು ಮನೆಮನೆಗೆ ಹೋಗಿ ಸಹಿ ಸಂಗ್ರಹಿಸಿ ಮನವಿ ಕೊಟ್ಟೆವು. ನಾಲ್ಕು ತಿಂಗಳ ಮೇಲೆ ಬಂದ ಉತ್ತರದಲ್ಲಿ ಎರಡೇ ವಾಕ್ಯಗಳಿದ್ದವು: ಮಾರ್ಗದಲ್ಲಿ ಇನ್ನೊಂದು ಗಾಡಿಗೆ ಅವಕಾಶವಿಲ್ಲ, ಈಗಿನ ಕೊನೆಯ ಗಾಡಿಯೇ ಅರ್ಧ ಖಾಲಿ ಓಡುತ್ತಿದೆ.

ಈಗ ಸಂಘದೊಳಗೇ ಭಿನ್ನಾಭಿಪ್ರಾಯ ಬಂದಿದೆ. ಇನ್ನೂ ಹೆಚ್ಚು ಸಹಿ ಹಾಕಿಸೋಣ ಎನ್ನುವವರಿದ್ದಾರೆ, ಹಳಿಯ ಮೇಲೆ ಕೂರೋಣ ಎನ್ನುವವರಿದ್ದಾರೆ, ಕೇಳಿಕೆಯನ್ನೇ ಬದಲಿಸಬೇಕು ಎನ್ನುವವರೂ ಇದ್ದಾರೆ. ನಾನು ಮೂರನೆಯ ಗುಂಪಿನವನು. ಆದರೆ ಬದಲಿಸಿ ಏನನ್ನು ಕೇಳಬೇಕೆಂಬುದು ನನಗೆ ಸ್ಪಷ್ಟವಾಗಿಲ್ಲ. ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಎರಡನೇ ಬೋಗಿ:
ಸಹಿಗೆ ಬೆಲೆಯಿಲ್ಲ ಎಂಬುದು ನಿಮಗೆ ಬಂದ ಉತ್ತರದಿಂದಲೇ ತಿಳಿಯುತ್ತದೆ. ಒಂದು ದಿನ ಬೆಳಗಿನ ಗಾಡಿಯನ್ನು ತಡೆದು ನಿಲ್ಲಿಸಿ, ಮರುದಿನವೇ ಅಧಿಕಾರಿಗಳು ನೀವಿದ್ದಲ್ಲಿಗೆ ಬರುತ್ತಾರೆ.

ನಿವೃತ್ತ ಸ್ಟೇಷನ್ ಮಾಸ್ಟರ್:
ಮೇಲಿನ ಸಲಹೆಯನ್ನು ನಾನು ಒಪ್ಪುವುದಿಲ್ಲ. 1989ರ ರೈಲ್ವೆ ಕಾಯ್ದೆಯ 174ನೆಯ ಕಲಮಿನ ಪ್ರಕಾರ ಗಾಡಿ ತಡೆದವರಿಗೆ ಎರಡು ವರ್ಷಗಳವರೆಗೆ ಸೆರೆವಾಸವಾಗಬಹುದು. ಸಂಘದ ಮಾತು ಕೇಳಿ ಹಳಿಗಿಳಿಯುವ ಹುಡುಗರ ಮೇಲೆ ಮೊಕದ್ದಮೆ ಬಿದ್ದರೆ ಅದರ ಹೊಣೆ ಯಾರು ಹೊರುತ್ತಾರೆ? ಅದೂ ಅಲ್ಲದೆ, ಒಂಟಿ ಹಳಿಯಲ್ಲಿ ಬೆಳಗಿನ ಒಂದು ಗಾಡಿ ಅರ್ಧ ಗಂಟೆ ನಿಂತರೆ ಅದರೊಂದಿಗೆ ಕ್ರಾಸಿಂಗ್ ಇರುವ ಎದುರುಗಾಡಿ ನಿಲ್ಲುತ್ತದೆ, ಅದರ ಹಿಂದಿನದೂ ನಿಲ್ಲುತ್ತದೆ, ಸಂಜೆಯವರೆಗೂ ವೇಳೆ ಸರಿಹೋಗುವುದಿಲ್ಲ. ನರಳುವವರು ನಿಮ್ಮಂಥ ಪ್ರಯಾಣಿಕರೇ.

ಇನ್ನು "ಅವಕಾಶವಿಲ್ಲ" ಎಂಬ ಮಾತಿನ ಬಗ್ಗೆ. ಅದನ್ನು ಹಾಗೆಯೇ ನಂಬಬೇಡಿ, ಹಾಗೆಯೇ ತಳ್ಳಿಯೂ ಹಾಕಬೇಡಿ. ಲೆಕ್ಕ ಹಾಕಿ ನೋಡಿ. ಎರಡು ನಿಲ್ದಾಣಗಳ ನಡುವಿನ ಬ್ಲಾಕ್ ಸೆಕ್ಷನ್ನಿನಲ್ಲಿ ಒಂದು ಸಲಕ್ಕೆ ಒಂದೇ ಗಾಡಿ ಇರಬೇಕು. ಹಾಗಾಗಿ ಇಡೀ ಮಾರ್ಗದ ಸಾಮರ್ಥ್ಯವನ್ನು ನಿರ್ಧರಿಸುವುದು ಅತಿ ಹೆಚ್ಚು ಹೊತ್ತು ಹಿಡಿಯುವ ಒಂದೇ ಒಂದು ಸೆಕ್ಷನ್. ಅದನ್ನು ದಾಟಲು ನಿಧಾನದ ಗಾಡಿಗೆ 20 ನಿಮಿಷ ಬೇಕು, ಲೈನ್ ಕ್ಲಿಯರ್, ಅಂದರೆ ಮುಂದಿನ ನಿಲ್ದಾಣದ ಒಪ್ಪಿಗೆ, ಪಡೆದು ಸಿಗ್ನಲ್ ಕೊಡುವುದಕ್ಕೆ 5 ನಿಮಿಷ ಬೇಕು ಎಂದಿಟ್ಟುಕೊಳ್ಳಿ. ದಿನದ 1,440 ನಿಮಿಷಗಳನ್ನು 25ರಿಂದ ಭಾಗಿಸಿದರೆ ಸುಮಾರು 57 ಬರುತ್ತದೆ. ಎಲ್ಲ ಗಾಡಿಗಳೂ ಅಂದುಕೊಂಡ ಗಳಿಗೆಗೇ ಬರುವುದಿಲ್ಲವಾದ್ದರಿಂದ ಅದರಲ್ಲಿ ಶೇಕಡಾ 70ನ್ನು ಮಾತ್ರ ಹಿಡಿಯುತ್ತೇವೆ. ಎರಡೂ ದಿಕ್ಕು ಸೇರಿ, ಸರಕು ಗಾಡಿಗಳೂ ಸೇರಿ, ಸುಮಾರು 40 ಗಾಡಿ. ಇದಕ್ಕೆ ಸ್ಕಾಟ್ ಸೂತ್ರ ಎನ್ನುತ್ತಾರೆ. ನಾವು ತರಬೇತಿಯಲ್ಲಿ ಕಲಿತದ್ದು ಇದನ್ನೇ. ನಿಮ್ಮ ಮಾರ್ಗದ ಅತಿ ಉದ್ದದ ಸೆಕ್ಷನ್ನಿಗೆ ಎಷ್ಟು ನಿಮಿಷ ಹಿಡಿಯುತ್ತದೆ, ದಿನಕ್ಕೆ ಒಟ್ಟು ಎಷ್ಟು ಗಾಡಿಗಳು ಓಡುತ್ತವೆ ಎಂಬುದನ್ನು ತಿಳಿದು ಬನ್ನಿ.

ಸಂಜೆಗಾಡಿ:
ಈ ವಿವರ ನಮಗೆ ಯಾರೂ ಹೇಳಿರಲಿಲ್ಲ, ಹಿರಿಯರೇ. ಸರಕು ಗಾಡಿಗಳ ಲೆಕ್ಕ ಹೊರಗಿನವರಿಗೆ ಸಿಗುತ್ತದೆಯೇ?

ಕೈಮರ:
ಸಿಗುತ್ತದೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿದರೆ 30 ದಿನಗಳೊಳಗೆ ಉತ್ತರ ಕೊಡಬೇಕು. ಆದರೆ "ರೈಲು ಏಕೆ ಬಿಡುವುದಿಲ್ಲ" ಎಂದು ಕೇಳಬೇಡಿ; ಏಕೆ ಎಂಬುದಕ್ಕೆ ಉತ್ತರ ಬರುವುದಿಲ್ಲ. ಇಂಥ ತಿಂಗಳಲ್ಲಿ ಇಂಥ ಸೆಕ್ಷನ್ನಿನಲ್ಲಿ ದಿನವೊಂದಕ್ಕೆ ಓಡಿದ ಗಾಡಿಗಳ ಸಂಖ್ಯೆ ಎಷ್ಟು ಎಂದು, ದಾಖಲೆಯಲ್ಲಿ ಇರುವಂಥದ್ದನ್ನೇ ಕೇಳಿ. ನಾವು ಮೊದಲ ಸಲ ಆರು ಪುಟದ ಅಳಲು ಬರೆದು ಕಳುಹಿಸಿ ಬರಿಗೈಯಲ್ಲಿ ಉಳಿದೆವು. ಎರಡನೆಯ ಸಲ ನಾಲ್ಕು ಸಾಲಿನಲ್ಲಿ ಕೇಳಿ ಎಲ್ಲವನ್ನೂ ಪಡೆದೆವು.

ರಾತ್ರಿಪಾಳಿ:
ಕೊನೆಯ ಗಾಡಿ ಅರ್ಧ ಖಾಲಿ ಎಂಬ ವಾಕ್ಯ ಓದಿ ನನಗೆ ಸಿಟ್ಟು ಬಂತು, ಅದಕ್ಕಾಗಿ ಬರೆಯುತ್ತಿದ್ದೇನೆ. ನಾನು ಆಸ್ಪತ್ರೆಯೊಂದರಲ್ಲಿ ದಾದಿ. ನನ್ನ ಪಾಳಿ ಮುಗಿಯುವುದು ರಾತ್ರಿ ಎಂಟಕ್ಕೆ. ನನ್ನ ಮಾರ್ಗದ ಕೊನೆಯ ಗಾಡಿಯೂ ಏಳೂವರೆಯೊಳಗೆ ಹೋಗಿಬಿಡುತ್ತದೆ. ಮರಳುವುದಕ್ಕೆ ಗಾಡಿಯಿಲ್ಲ ಎಂದಮೇಲೆ ಸೀಸನ್ ಟಿಕೆಟ್ ಏಕೆ ಮಾಡಿಸಲಿ? ಹಾಗಾಗಿ ಬೆಳಿಗ್ಗೆಯೂ ನಾನು ಬಸ್ಸಿನಲ್ಲೇ ಹೋಗುತ್ತೇನೆ. ನನ್ನಂತೆಯೇ ಅಂಗಡಿಗಳಲ್ಲಿ, ಕಾರ್ಖಾನೆಗಳಲ್ಲಿ, ಸಂಜೆ ತರಗತಿಗಳಲ್ಲಿ ಇರುವವರೆಲ್ಲ ಬೆಳಗಿನ ಗಾಡಿಯ ಲೆಕ್ಕದಿಂದಲೂ ಬಿಟ್ಟುಹೋಗಿದ್ದಾರೆ. ಗಾಡಿ ಖಾಲಿ ಇರುವುದು ನಮಗೆ ಬೇಡವೆಂದಲ್ಲ. ಅದು ಹೊರಡುವ ಹೊತ್ತಿಗೆ ನಾವಿನ್ನೂ ಕೆಲಸದಲ್ಲಿರುತ್ತೇವೆ ಎಂಬುದು ಯಾವ ಕಚೇರಿಯ ಕಾಗದದಲ್ಲೂ ಇಲ್ಲ.

ಹಳಿಪ್ರೇಮಿ:
ರಾತ್ರಿಪಾಳಿಯವರ ಮಾತು ಇಡೀ ಚರ್ಚೆಯ ಕೇಂದ್ರದಲ್ಲಿರಬೇಕು. ಇದೇ ಬಗೆಯ ತಪ್ಪು ಲೆಕ್ಕದಿಂದ ಬ್ರಿಟನ್ ಬಹಳ ಕಳೆದುಕೊಂಡಿತು. 1963ರ ಮಾರ್ಚ್ 27ರಂದು ಬಂದ, ಅಲ್ಲಿನ ರೈಲ್ವೆ ಮಂಡಳಿಯ ಅಧ್ಯಕ್ಷ ರಿಚರ್ಡ್ ಬೀಚಿಂಗ್ ಅವರ ವರದಿ 2,363 ನಿಲ್ದಾಣಗಳನ್ನೂ ಸುಮಾರು 5,000 ಮೈಲಿ ಹಳಿಯನ್ನೂ ಮುಚ್ಚಲು ಸೂಚಿಸಿತು. ಕವಲು ಮಾರ್ಗ ಮುಚ್ಚಿದರೆ ಜನ ಮುಖ್ಯ ಮಾರ್ಗದ ನಿಲ್ದಾಣದವರೆಗೆ ಬೇರೆ ವಾಹನದಲ್ಲಿ ಬಂದು ಅಲ್ಲಿಂದ ರೈಲು ಹತ್ತುತ್ತಾರೆ ಎಂಬ ನಿರೀಕ್ಷೆ ಇತ್ತು. ಕಾರಿನಲ್ಲಿ ಕುಳಿತವರಲ್ಲಿ ಬಹಳ ಮಂದಿ ಕೊನೆಯವರೆಗೂ ಕಾರಿನಲ್ಲೇ ಹೋದರು. ಚಿಕ್ಕ ಹೊಳೆಯನ್ನು ತಿರುಗಿಸಿದರೆ ದೊಡ್ಡ ಕೆರೆಗೂ ನೀರು ಕಡಿಮೆಯಾಗುತ್ತದೆ. ರಾತ್ರಿಯ ಗಾಡಿಗೂ ಬೆಳಗಿನ ಗಾಡಿಗೂ ಇರುವ ಸಂಬಂಧ ಇಂಥದ್ದೇ.

ಗಣಿತದ ಮೇಷ್ಟ್ರು:
ಮೂಲ ಪ್ರಶ್ನೆಗೆ ಬರುತ್ತೇನೆ. "ಹೆಚ್ಚು ಗಾಡಿ" ಎಂದು ಕೇಳಬೇಡಿ. "ಗಂಟೆಗೊಂದು ಗಾಡಿ, ಪ್ರತಿ ಗಂಟೆಯೂ ಅದೇ ನಿಮಿಷಕ್ಕೆ" ಎಂದು ಕೇಳಿ. ನೆದರ್ಲೆಂಡ್ಸ್ 1970ರಲ್ಲಿ, ಸ್ವಿಟ್ಜರ್ಲೆಂಡ್ 1982ರಲ್ಲಿ ಇಡೀ ದೇಶದ ವೇಳಾಪಟ್ಟಿಯನ್ನು ಹೀಗೆ ಸಮಾನ ಅಂತರಕ್ಕೆ ತಂದವು. ವೇಳಾಪಟ್ಟಿಯ ಹಾಳೆ ನೋಡದೆಯೇ ಜನ ನಿಲ್ದಾಣಕ್ಕೆ ಬರಬಹುದು, ಒಂದು ಗಾಡಿ ತಪ್ಪಿದರೂ ಮುಂದಿನದು ಯಾವಾಗ ಎಂಬುದು ಬಾಯಿಪಾಠವಾಗಿರುತ್ತದೆ.

ಇದರಲ್ಲಿ ಇನ್ನೊಂದು ಗುಟ್ಟಿದೆ. ನಿಮ್ಮ ಮಾರ್ಗದ ಈ ತುದಿಯಿಂದ ಆ ತುದಿಗೆ 55 ನಿಮಿಷ, ತುದಿಯಲ್ಲಿ ತಿರುಗಿ ಹೊರಡಲು 5 ನಿಮಿಷ ಎಂದುಕೊಳ್ಳಿ. ಹೋಗಿ ಬರಲು ಸರಿಯಾಗಿ ಎರಡು ಗಂಟೆ. ಎರಡು ರೇಕುಗಳಿದ್ದರೆ, ಅಂದರೆ ಬೋಗಿಗಳ ಎರಡು ಜೋಡಣೆಗಳಿದ್ದರೆ, ಗಂಟೆಗೊಂದು ಗಾಡಿಯನ್ನು ದಿನವಿಡೀ ಓಡಿಸಬಹುದು. ಅವು ಒಂದಕ್ಕೊಂದು ಎದುರಾಗುವುದು ಮಾರ್ಗದ ನಡುಮಧ್ಯದ ಒಂದೇ ನಿಲ್ದಾಣದಲ್ಲಿ, ಅಲ್ಲಿ ಒಂದು ಗಾಡಿ ಬದಿಗೆ ನಿಲ್ಲಲು ಲೂಪ್ ಲೈನ್ ಇದ್ದರೆ ಸಾಕು. ಆದರೆ ಓಟಕ್ಕೆ 65 ನಿಮಿಷ ಹಿಡಿದರೆ ಸುತ್ತು 140 ನಿಮಿಷವಾಗುತ್ತದೆ. ಅದೇ ಗಂಟೆಗೊಂದು ಗಾಡಿಗೆ ಈಗ ಮೂರು ರೇಕು ಬೇಕು. ಹತ್ತು ನಿಮಿಷದ ವ್ಯತ್ಯಾಸಕ್ಕೆ ಒಂದು ಇಡೀ ರೇಕು, ಅದರ ಚಾಲಕರು, ಅದರ ನಿರ್ವಹಣೆ. ಆದ್ದರಿಂದ ಯಾವ ಸಂಘವಾದರೂ ಮೊದಲು ನೋಡಬೇಕಾದದ್ದು ಓಟದ ಅವಧಿ ಗಂಟೆಯ ಚೌಕಟ್ಟಿನೊಳಗೆ ಕೂರುತ್ತದೆಯೇ ಎಂಬುದನ್ನು.

ಊರಾಚೆಯ ನಿಲ್ದಾಣ:
ಮೇಷ್ಟ್ರೇ, ಈ ಲೆಕ್ಕ ಕೇಳಲು ಚೆನ್ನಾಗಿದೆ. ಆದರೆ ಹತ್ತು ನಿಮಿಷ ಉಳಿಸಬೇಕು ಎಂದಾಗ ಮೊದಲು ಕತ್ತರಿ ಬೀಳುವುದು ನಮ್ಮಂಥ ಹಾಲ್ಟ್‌ಗಳ ಮೇಲೆ. ನಮ್ಮ ಹಾಲ್ಟಿನಲ್ಲಿ ಒಂದು ಗಾಡಿ ನಿಲ್ಲುವುದನ್ನು ಬಿಟ್ಟಾಗ ಮುಂದಿನ ನಿಲ್ದಾಣಕ್ಕೆ ನಾಲ್ಕು ಕಿಲೋಮೀಟರ್ ನಡೆದ ಹೆಣ್ಣುಮಕ್ಕಳನ್ನು ನಾನು ಕಂಡಿದ್ದೇನೆ. ಇಂಥ ಸಂಘಗಳಲ್ಲಿ ಎರಡು ತುದಿಯ ಊರಿನವರೇ ಪದಾಧಿಕಾರಿಗಳು. ಅವರಿಗೆ ವೇಗ ಬೇಕು. ನಡುವಿನವರಿಗೆ ಗಾಡಿ ನಿಂತರೆ ಸಾಕು. ಈ ಜಗಳ ತೀರಿಸದೆ ಮನವಿ ಬರೆದರೆ ಅದು ಅರ್ಧ ಜನರ ಮನವಿಯಾಗುತ್ತದೆ.

ಗಣಿತದ ಮೇಷ್ಟ್ರು:
ತಮ್ಮ ಆಕ್ಷೇಪ ನ್ಯಾಯವಾದದ್ದು. ನಿಲುಗಡೆ ತೆಗೆಯಿರಿ ಎಂದು ನಾನು ಹೇಳುತ್ತಿಲ್ಲ. ಒಂದೊಂದು ನಿಲುಗಡೆಗೂ ತಗಲುವ ಹೊತ್ತಿನಲ್ಲಿ ಗಾಡಿ ನಿಂತಿರುವುದು ಒಂದು ಪಾಲು. ನಿಧಾನಿಸುವುದು ಮತ್ತು ಮತ್ತೆ ವೇಗ ಪಡೆಯುವುದು ಇನ್ನೊಂದು ಪಾಲು. ಒಂದೇ ಎಂಜಿನ್ ಎಳೆಯುವ ಗಾಡಿಗಿಂತ, ಹಲವು ಬೋಗಿಗಳ ಗಾಲಿಗಳಿಗೆ ಮೋಟಾರು ಇರುವ ಮೆಮು ಎಂಬ ವಿದ್ಯುತ್ ಗಾಡಿ ಬೇಗ ವೇಗ ಹಿಡಿಯುತ್ತದೆ, ತುದಿಯಲ್ಲಿ ಎಂಜಿನ್ ಬಿಚ್ಚಿ ಇನ್ನೊಂದು ಕಡೆಗೆ ಜೋಡಿಸುವ ಕೆಲಸವೂ ಅದಕ್ಕಿಲ್ಲ. ಹಾಲ್ಟುಗಳನ್ನು ಉಳಿಸಿಕೊಂಡೇ ನಿಮಿಷ ಉಳಿಸುವ ದಾರಿ ಅದು.

ನಿವೃತ್ತ ಸ್ಟೇಷನ್ ಮಾಸ್ಟರ್:
ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಪ್ಲಾಟ್‌ಫಾರ್ಮ್ ತಗ್ಗಾಗಿದ್ದರೆ ವಯಸ್ಸಾದವರು ಮೆಟ್ಟಿಲು ಹತ್ತಿ ಒಳಹೋಗುವುದಕ್ಕೇ ಒಂದು ನಿಮಿಷ ಹೋಗುತ್ತದೆ. ಪ್ಲಾಟ್‌ಫಾರ್ಮನ್ನು ಬೋಗಿಯ ನೆಲದ ಮಟ್ಟಕ್ಕೆ ಎತ್ತರಿಸಿದರೆ ಗಾಲಿಕುರ್ಚಿಯವರಿಗೂ ಅನುಕೂಲ, ಗಾಡಿಗೂ ಹೊತ್ತು ಉಳಿತಾಯ. ಹಾಲ್ಟಿನವರೂ ತುದಿಯವರೂ ಕೂಡಿ ಕೇಳಬಹುದಾದ ಬೇಡಿಕೆ ಇದು.

ಊರಾಚೆಯ ನಿಲ್ದಾಣ:
ಇದನ್ನು ಒಪ್ಪುತ್ತೇನೆ. ನಮ್ಮ ಹಾಲ್ಟಿನ ಮುದುಕರು ಹತ್ತುವಾಗ ಕೆಳಗಿನಿಂದ ಒಬ್ಬರು, ಮೇಲಿನಿಂದ ಒಬ್ಬರು ಕೈಕೊಡಬೇಕು.

ಎರಡನೇ ಬೋಗಿ:
ಎಲ್ಲರೂ ಲೆಕ್ಕದ ಪುಸ್ತಕ ತೆರೆದು ಕುಳಿತಿದ್ದೀರಿ. ಲೆಕ್ಕ ಕೊಟ್ಟ ಮಾತ್ರಕ್ಕೆ ಯಾವ ಇಲಾಖೆಯಾದರೂ ಗಾಡಿ ಬಿಟ್ಟ ಉದಾಹರಣೆ ಇದೆಯೇ? ಜನರ ಒತ್ತಡವಿಲ್ಲದೆ ಏನೂ ಆಗುವುದಿಲ್ಲ.

ಹಳಿಪ್ರೇಮಿ:
ಒತ್ತಡ ಬೇಡವೆಂದು ಇಲ್ಲಿ ಯಾರೂ ಹೇಳಿಲ್ಲ. ಆದರೆ ಒತ್ತಡ ಯಾವ ಬಗೆಯದು ಎಂಬುದು ಮುಖ್ಯ. ಉತ್ತರ ಇಂಗ್ಲೆಂಡಿನ ಸೆಟಲ್–ಕಾರ್ಲೈಲ್ ಮಾರ್ಗವನ್ನು ಮುಚ್ಚುವ ಸೂಚನೆ ಕಂಡ ಜನ 1981ರಲ್ಲಿ ಗೆಳೆಯರ ಬಳಗವೊಂದನ್ನು ಕಟ್ಟಿದರು. ಮುಚ್ಚುವ ಪ್ರಸ್ತಾಪದ ವಿರುದ್ಧ 22,000ಕ್ಕೂ ಹೆಚ್ಚು ಆಕ್ಷೇಪಣೆಗಳು ಬಂದವು. ಅವುಗಳಲ್ಲೊಂದು ರಸ್ವಾರ್ಪ್ ಎಂಬ ನಾಯಿಯ ಪಂಜದ ಗುರುತು. ಅದು ಟಿಕೆಟ್ ಪಡೆದು ಓಡಾಡುತ್ತಿದ್ದ ಪ್ರಯಾಣಿಕನಾದ್ದರಿಂದ ಆ ಆಕ್ಷೇಪಣೆಯನ್ನೂ ಮಾನ್ಯ ಮಾಡಿದರು. ಆದರೆ ಆ ಚಳವಳಿಯಲ್ಲಿ ನನಗೆ ದೊಡ್ಡದಾಗಿ ಕಾಣುವುದು ಸಹಿಗಳಲ್ಲ. ಅವರು ಜನರನ್ನು ಗಾಡಿ ಹತ್ತಿಸಿದ್ದು. ಮುಚ್ಚಿದ್ದ ಎಂಟು ಚಿಕ್ಕ ನಿಲ್ದಾಣಗಳು 1986ರಲ್ಲಿ ಮತ್ತೆ ತೆರೆದವು. 1983ರಲ್ಲಿ ವರ್ಷಕ್ಕೆ 93,000 ಇದ್ದ ಪ್ರಯಾಣಗಳು 1989ರ ಹೊತ್ತಿಗೆ 4,50,000ಕ್ಕೆ ಏರಿದವು. ಆ ವರ್ಷ ಏಪ್ರಿಲ್ 11ರಂದು ಸರ್ಕಾರವೇ ಮುಚ್ಚುವುದಿಲ್ಲ ಎಂದು ಹೇಳಬೇಕಾಯಿತು. ತುಂಬಿದ ಗಾಡಿಯನ್ನು ನಿಲ್ಲಿಸುವುದು ಯಾವ ಮಂತ್ರಿಗೂ ಸುಲಭವಲ್ಲ.

ಎರಡನೇ ಬೋಗಿ:
22,000 ಆಕ್ಷೇಪಣೆಗಳೂ ಒತ್ತಡವೇ ಅಲ್ಲವೇ? ನನ್ನ ಮಾತನ್ನೇ ನೀವು ಬೇರೆ ರೀತಿಯಲ್ಲಿ ಹೇಳಿದ್ದೀರಿ. ಹಳಿಯ ಮೇಲೆ ಕೂರುವ ಮಾತನ್ನು ಬೇಕಾದರೆ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಕೈಮರ:
ಸ್ಕಾಟ್ಲೆಂಡಿನ ಬಾರ್ಡರ್ಸ್ ರೈಲು ಮಾರ್ಗದ ಕಥೆಯಲ್ಲಿ ಒಂದು ಎಚ್ಚರಿಕೆಯೂ ಇದೆ. 1969ರ ಜನವರಿಯಲ್ಲಿ ಮುಚ್ಚಿದ ಮಾರ್ಗ ಅದು. 1999ರಲ್ಲಿ ಹೋರಾಟದ ಸಂಘ ಹುಟ್ಟಿತು. 17,000ಕ್ಕೂ ಹೆಚ್ಚು ಸಹಿಗಳ ಮನವಿ ಅಲ್ಲಿನ ಸಂಸತ್ತಿಗೆ ಹೋಯಿತು. 2015ರ ಸೆಪ್ಟೆಂಬರ್ 6ರಂದು ಎಡಿನ್‌ಬರೋದಿಂದ ಟ್ವೀಡ್‌ಬ್ಯಾಂಕಿನವರೆಗೆ ಗಾಡಿ ಮತ್ತೆ ಓಡಿತು. ಆದರೆ ಖರ್ಚು ಇಳಿಸಲೆಂದು ಜೋಡಿ ಹಳಿಯ ಭಾಗಗಳನ್ನು ಮೊದಲಿನ ಯೋಜನೆಗಿಂತ ಮೊಟಕುಗೊಳಿಸಿದರು. ಮಾರ್ಗದ ಬಹುಪಾಲು ಈಗ ಒಂಟಿ ಹಳಿ. ಒಂದು ಗಾಡಿ ತಡವಾದರೆ ಎದುರಿನದೂ ಕಾಯಬೇಕು. ನಿಮ್ಮ ಸಂಘ ಮುಂದೆ ಲೂಪ್ ಲೈನ್ ಕೇಳುವುದಾದರೆ ಅದು ಎಲ್ಲಿ ಬೇಕು, ಎಷ್ಟು ಉದ್ದ ಬೇಕು ಎಂಬುದನ್ನು ನೀವೇ ಹೇಳಬೇಕು. ಜಾಗ ಸುಲಭವಾಗಿ ಸಿಕ್ಕಿತೆಂದು ತಪ್ಪು ಕಡೆ ಹಾಕಿದ ಲೂಪು ಐವತ್ತು ವರ್ಷ ಕಾಡುತ್ತದೆ.

ನಿತ್ಯಯಾತ್ರಿ:
ನನಗೆ ಗಂಟೆಗೊಂದು ಗಾಡಿಯೂ ಬೇಡ. ಈಗಿರುವ ನಾಲ್ಕು ಗಾಡಿಗಳು ಹೇಳಿದ ಹೊತ್ತಿಗೆ ಬಂದರೆ ಸಾಕು. ಶೇಕಡಾ 90 ಗಾಡಿಗಳು ಸಕಾಲಕ್ಕೆ ಎಂದು ಹೇಳುತ್ತಾರೆ, ನಾನು ಕಾಯುತ್ತಲೇ ಇರುತ್ತೇನೆ. ಇದು ಹೇಗೆ ಸಾಧ್ಯ?

ನಿವೃತ್ತ ಸ್ಟೇಷನ್ ಮಾಸ್ಟರ್:
ಸಾಧ್ಯ, ಏಕೆಂದರೆ ಎಷ್ಟೋ ಕಡೆ ವೇಳೆಯನ್ನು ಅಳೆಯುವುದು ಕೊನೆಯ ನಿಲ್ದಾಣದಲ್ಲಿ ಮಾತ್ರ. ಕೊನೆಯ ನಿಲ್ದಾಣಕ್ಕೆ ಮುಂಚೆ ವೇಳಾಪಟ್ಟಿಯಲ್ಲಿ ಹತ್ತು ಹದಿನೈದು ನಿಮಿಷ ಹೆಚ್ಚುವರಿ ಹೊತ್ತು ಸೇರಿಸಿರುತ್ತಾರೆ. ನಡುವೆ ಹನ್ನೆರಡು ನಿಮಿಷ ತಡವಾಗಿ ಓಡಿದ ಗಾಡಿಯೂ ತುದಿಗೆ ಸರಿಯಾದ ಹೊತ್ತಿಗೆ ಬಂದಂತೆ ದಾಖಲಾಗುತ್ತದೆ. ತುದಿಯಲ್ಲಿ ಇಳಿಯುವವನಿಗೆ ತೊಂದರೆಯಿಲ್ಲ. ನಡುವಿನಲ್ಲಿ ಹತ್ತುವ ನಿಮ್ಮ ಕಾಯುವಿಕೆ ಎಲ್ಲಿಯೂ ದಾಖಲಾಗುವುದಿಲ್ಲ. ಬ್ರಿಟನ್ನಿನಲ್ಲಿ ಬಹುಕಾಲ, ಸ್ಥಳೀಯ ಗಾಡಿ ತುದಿಗೆ ಐದು ನಿಮಿಷದೊಳಗೆ ಬಂದರೆ ಸಕಾಲ ಎನ್ನುತ್ತಿದ್ದರು; 2019ರಿಂದ ದಾರಿಯ ನಿಲ್ದಾಣಗಳಲ್ಲಿಯೂ ನಿಮಿಷದ ಲೆಕ್ಕದಲ್ಲಿ ಅಳೆಯತೊಡಗಿದರು. ಸ್ವಿಟ್ಜರ್ಲೆಂಡಿನಲ್ಲಿ ಮೂರು ನಿಮಿಷ ಮೀರಿದರೆ ತಡ. ಜರ್ಮನಿಯಲ್ಲಿ ಆರು ನಿಮಿಷದವರೆಗೆ ಸಕಾಲ, ಅಲ್ಲದೆ ರದ್ದಾದ ಗಾಡಿ ಆ ಲೆಕ್ಕಕ್ಕೇ ಸೇರುವುದಿಲ್ಲ. ಹಾಗಾಗಿ ಶೇಕಡಾವಾರು ಹೇಳಿದವರನ್ನು ಎಲ್ಲಿ ಅಳೆದಿರಿ, ಎಷ್ಟು ನಿಮಿಷಕ್ಕೆ ಅಳೆದಿರಿ, ರದ್ದಾದವನ್ನು ಎಲ್ಲಿ ಸೇರಿಸಿದಿರಿ ಎಂದು ಕೇಳಬೇಕು.

ನಿತ್ಯಯಾತ್ರಿ:
ಇಷ್ಟು ದಿನ ನನ್ನ ಗಡಿಯಾರದ ಮೇಲೆಯೇ ಅನುಮಾನ ಪಡುತ್ತಿದ್ದೆ. ಇಂದಿನಿಂದಲೇ ನಮ್ಮ ನಿಲ್ದಾಣಕ್ಕೆ ಗಾಡಿ ಬಂದ ಹೊತ್ತನ್ನು ಬರೆದಿಡುತ್ತೇನೆ.

ಸಂಜೆಗಾಡಿ:
ಇಷ್ಟೊಂದು ಮಾಹಿತಿ ಕೊಟ್ಟ ಎಲ್ಲರಿಗೂ ಕೃತಜ್ಞತೆಗಳು. ಮಾಹಿತಿ ಹಕ್ಕಿನ ಅರ್ಜಿಗೆ ಮೊನ್ನೆ ಉತ್ತರ ಬಂತು, ಅದಕ್ಕೇ ಇಷ್ಟು ದಿನ ಮೌನವಾಗಿದ್ದೆ. ನಮ್ಮ ಅತಿ ಉದ್ದದ ಸೆಕ್ಷನ್ನಿಗೆ 18 ನಿಮಿಷ. ದಿನಕ್ಕೆ ಎರಡೂ ದಿಕ್ಕು ಸೇರಿ, ಸರಕು ಗಾಡಿಗಳನ್ನೂ ಹಿಡಿದು, 24 ಗಾಡಿಗಳು. ಹಿರಿಯರ ಸೂತ್ರದಂತೆ 1,440ನ್ನು 23ರಿಂದ ಭಾಗಿಸಿ ಶೇಕಡಾ 70 ತೆಗೆದರೆ 43 ಬರುತ್ತದೆ. ಹಾಗಾದರೆ ಅವಕಾಶವಿಲ್ಲ ಎಂದದ್ದು ಸುಳ್ಳೇ?

ನಿವೃತ್ತ ಸ್ಟೇಷನ್ ಮಾಸ್ಟರ್:
ಆತುರಪಡಬೇಡಿ, ಸುಳ್ಳು ಎಂಬ ಪದವನ್ನು ಮನವಿಯಲ್ಲಿ ಬರೆಯಲೂಬೇಡಿ. 43 ಎಂಬುದು ಇಡೀ ದಿನದ ಲೆಕ್ಕ. ಗಾಡಿಗಳು ದಿನವಿಡೀ ಸಮನಾಗಿ ಹರಡಿಕೊಂಡಿರುವುದಿಲ್ಲ. ಬೆಳಿಗ್ಗೆ ಏಳರಿಂದ ಹತ್ತರವರೆಗೆ ದೂರದ ಗಾಡಿಗಳೂ ನಿಮ್ಮ ಗಾಡಿಗಳೂ ಒಟ್ಟಿಗೆ ಬರುತ್ತವೆ. ಆ ಹೊತ್ತಿಗೆ ನಿಜವಾಗಿಯೂ ಪಾಥ್, ಅಂದರೆ ಇನ್ನೊಂದು ಗಾಡಿ ಓಡಲು ಬಿಡುವು, ಸಿಗದಿರಬಹುದು. ಮಧ್ಯಾಹ್ನದ ಐದು ತಾಸಿನಲ್ಲಿ ಎರಡು ಮೂರು ತಾಸು ಹಳಿಯ ದುರಸ್ತಿಗೆಂದು ಗಾಡಿಗಳ ಓಟ ನಿಲ್ಲಿಸಿ ಬ್ಲಾಕ್ ತೆಗೆದುಕೊಂಡಿರುತ್ತಾರೆ. ಅದನ್ನು ಬಿಡಿ ಎಂದು ದಯವಿಟ್ಟು ಕೇಳಬೇಡಿ; ಸುಡುಬಿಸಿಲಿನಲ್ಲಿ ಹಳಿಯ ಮೇಲೆ ಕೆಲಸ ಮಾಡುವ ಗ್ಯಾಂಗ್‌ಮನ್‌ಗಳ ಪ್ರಾಣ ಆ ಎರಡು ತಾಸನ್ನು ನಂಬಿಕೊಂಡಿರುತ್ತದೆ. ರಾತ್ರಿ ಎಂಟರ ಮೇಲೆ ಯಾವ ಗಾಡಿಗಳಿವೆ, ಅದನ್ನು ನೋಡಿ ಹೇಳಿ.

ಸಂಜೆಗಾಡಿ:
ಎಂಟರಿಂದ ಹತ್ತರವರೆಗೆ ಒಂದೇ ಒಂದು ಸರಕು ಗಾಡಿ. ಸಂಜೆಯ ಕೊನೆಯ ಗಾಡಿಯ ರೇಕು ತುದಿಗೆ ಹೋದಮೇಲೆ ಬೆಳಗಿನವರೆಗೆ ಸುಮ್ಮನೆ ನಿಂತಿರುತ್ತದೆ.

ಗಣಿತದ ಮೇಷ್ಟ್ರು:
ಹಾಗಿದ್ದರೆ ಕೇಳಿಕೆ ಎದುರಿಗೇ ಇದೆಯಲ್ಲ. ಏಳೂಕಾಲರ ಗಾಡಿ ತುದಿ ಮುಟ್ಟಿದ ರೇಕನ್ನು ಮರಳಿಸಿ, ಒಂಬತ್ತೂಕಾಲಿಗೆ ಇನ್ನೊಂದು ಸುತ್ತು. ಹೊಸ ರೇಕು ಬೇಡ; ಚಾಲಕ ಮತ್ತು ಗಾರ್ಡ್ ಅವರ ಪಾಳಿಯೊಂದು ಬೇಕು, ವಿದ್ಯುತ್ತು ಬೇಕು. ರಾತ್ರಿಪಾಳಿಯವರಂಥ ಎಷ್ಟು ಜನ ನಿಮ್ಮ ಮಾರ್ಗದಲ್ಲಿದ್ದಾರೆ ಎಂಬುದನ್ನು ಎಣಿಸಿ ಇದರ ಜೊತೆಗಿಟ್ಟರೆ, ಅರ್ಧ ಖಾಲಿ ಎಂಬ ಎರಡನೆಯ ವಾಕ್ಯಕ್ಕೂ ಉತ್ತರ ಸಿಕ್ಕಂತಾಗುತ್ತದೆ.

ರಾತ್ರಿಪಾಳಿ:
ಒಂಬತ್ತೂಕಾಲಿಗೆ ಗಾಡಿಯೊಂದು ಇದ್ದಿದ್ದರೆ ನಾನು ನಾಳೆಯೇ ಸೀಸನ್ ಟಿಕೆಟ್ ಮಾಡಿಸುತ್ತಿದ್ದೆ. ಆದರೆ ಆ ಹೊತ್ತಿನಲ್ಲಿ ಹಾಲ್ಟುಗಳಲ್ಲಿ ದೀಪ ಉರಿಯಬೇಕು, ಬೋಗಿಯಲ್ಲಿ ಒಬ್ಬರಾದರೂ ಪೊಲೀಸರಿರಬೇಕು. ಮನವಿಯಲ್ಲಿ ಇದನ್ನೂ ಬರೆಯಿರಿ; ಇಲ್ಲದಿದ್ದರೆ ಮನೆಯವರು ಹತ್ತಲು ಬಿಡುವುದಿಲ್ಲ, ಮತ್ತೆ ಗಾಡಿ ಖಾಲಿ ಎನ್ನುತ್ತಾರೆ.

ಕೈಮರ:
ಎಣಿಕೆಯ ಬಗ್ಗೆ ನಮ್ಮ ಅನುಭವ ಹೇಳುತ್ತೇನೆ. ಟಿಕೆಟ್ ಮಾರಾಟದ ಅಂಕಿಗಳನ್ನು ಮಾತ್ರ ನಂಬಬೇಡಿ. ಹಾಲ್ಟಿನಲ್ಲಿ ಹತ್ತುವವರು ದೊಡ್ಡ ನಿಲ್ದಾಣದಲ್ಲಿ ಸೀಸನ್ ಮಾಡಿಸಿರುತ್ತಾರೆ. ಆಗ ಹಾಲ್ಟಿನ ಲೆಕ್ಕದಲ್ಲಿ ಸೊನ್ನೆ. ಪ್ರತಿ ನಿಲ್ದಾಣದಲ್ಲಿ ಇಬ್ಬರಂತೆ ನಿಂತು ಎರಡು ವಾರ ಎಣಿಸಿ. ಹಬ್ಬದ ವಾರವನ್ನೂ ಪರೀಕ್ಷೆಯ ವಾರವನ್ನೂ ಬಿಡಿ. ಅದೇ ದಿನಗಳಲ್ಲಿ ರಾತ್ರಿ ಎಂಟರಿಂದ ಹತ್ತರವರೆಗೆ ಬಸ್ ನಿಲ್ದಾಣದಲ್ಲಿ ನಿಂತು, ನಿಮ್ಮ ಮಾರ್ಗದ ಊರುಗಳಿಗೆ ಹೋಗುವವರನ್ನು ಕೇಳಿ ಬರೆದುಕೊಳ್ಳಿ. ಗಾಡಿಯಲ್ಲಿ ಇಲ್ಲದವರು ಸಿಗುವುದು ಅಲ್ಲಿ. ಆ ಕಾಗದವನ್ನು ವಿಭಾಗ ಮಟ್ಟದ ಬಳಕೆದಾರರ ಸಲಹಾ ಸಮಿತಿಯ ಸಭೆಗೆ, ಡಿಆರ್‌ಯುಸಿಸಿ ಎನ್ನುತ್ತಾರಲ್ಲ ಅದಕ್ಕೆ, ಸದಸ್ಯರೊಬ್ಬರ ಮೂಲಕ ವಿಷಯವಾಗಿ ಸೇರಿಸಿ. ಅಲ್ಲಿ ಎತ್ತಿದ ವಿಷಯಕ್ಕೆ ಲಿಖಿತ ಉತ್ತರ ಕೇಳಿ ಪಡೆಯಿರಿ. ಮುಂದಿನ ವೇಳಾಪಟ್ಟಿ ಅಚ್ಚಾಗುವುದಕ್ಕೆ ಹಲವು ತಿಂಗಳ ಮುಂಚೆಯೇ ಇದು ಮುಗಿದಿರಬೇಕು.

ಎರಡನೇ ಬೋಗಿ:
ಬಸ್ ನಿಲ್ದಾಣದ ಎಣಿಕೆಗೆ ಜನ ಬೇಕಾದರೆ ನಮ್ಮ ಗುಂಪಿನ ಆರು ಜನ ಹುಡುಗರನ್ನು ಕಳುಹಿಸುತ್ತೇನೆ. ಮಾತಿನಲ್ಲಿ ಒರಟಾದರೂ ಕೆಲಸದಲ್ಲಿ ಗಟ್ಟಿಗರು.

ಸಂಜೆಗಾಡಿ:
ತುಂಬ ಸಂತೋಷ, ಖಂಡಿತ ಕಳುಹಿಸಿ. ಬರುವ ಭಾನುವಾರ ಸಂಘದ ಸಭೆ ಕರೆದಿದ್ದೇವೆ. ಒಂಬತ್ತೂಕಾಲರ ಗಾಡಿ, ಹಾಲ್ಟುಗಳ ದೀಪ, ಪ್ಲಾಟ್‌ಫಾರ್ಮಿನ ಎತ್ತರ, ಈ ಮೂರನ್ನೇ ಇಟ್ಟು ಮನವಿ ಬರೆಯುವುದೆಂದು ಪದಾಧಿಕಾರಿಗಳು ಒಪ್ಪಿದ್ದಾರೆ. ಗಂಟೆಗೊಂದು ಗಾಡಿಯ ಲೆಕ್ಕವನ್ನು ಮೇಷ್ಟ್ರು ಬರೆದುಕೊಟ್ಟರೆ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುತ್ತೇವೆ. ಎಣಿಕೆಯ ಬಗ್ಗೆ ಒಂದೇ ಅನುಮಾನ: ಹತ್ತುವವರನ್ನು ಎಣಿಸಿದರೆ ಸಾಕೇ, ಇಳಿಯುವವರನ್ನೂ ಎಣಿಸಬೇಕೇ?

ಕೈಮರ:
ಇಬ್ಬರನ್ನೂ ಎಣಿಸಬೇಕು. ಇಲ್ಲದಿದ್ದರೆ ಯಾವ ಎರಡು ನಿಲ್ದಾಣಗಳ ನಡುವೆ ಗಾಡಿ ಎಷ್ಟು ತುಂಬಿತ್ತು ಎಂಬುದು ತಿಳಿಯುವುದಿಲ್ಲ. ಬೋಗಿಯ ಬಾಗಿಲಿಗೆ ಒಬ್ಬರಂತೆ ನಿಂತರೆ ತಪ್ಪುವುದಿಲ್ಲ. ನಮ್ಮ ಸಂಘದ ಎಣಿಕೆ ಹಾಳೆಯ ಮಾದರಿಯನ್ನು ಇವತ್ತು ರಾತ್ರಿ ಕಳುಹಿಸುತ್ತೇನೆ.